ದೌಲಪ್ಪನ ಪಾಳಿ ಬಂದರೆ ಮಲಗುವ ಮಷೀನು

“ಚಿಗವ್ವ, ನೀ ಒಂದ್ ಮಾತ್ ಹೇಳು. ಮಷೀನಿಗಿ ಮನಷ್ಯಾರ ಗುರ್ತ ಇರ್ತದೇನು? ಅಣ್ಣನ ಬಲ್ಲಿ ಇದ್ದಾಗ ಮುಂಜಾನಿ ಚಾಲೂ ಮಾಡಿದ್ರ ಹೊತ್ತು ಮುಣಗೋ ತನಾ ಹೂಂ ಅಂತ ದುಡೀತದ. ನನ್ನ ಬಲ್ಲಿ ಬಂತಂದ್ರ ಊಟದ ಹೊತ್ತಿಗಿ ಮಕ್ಕೊಂಡುಬಿಡ್ತದ. ವೆಲ್ಡಿಂಗ್ ಕಡ್ಡಿ ಹಿಡದು ಒಂದು ಗೆರಿ ಎಳೀಲಕತ್ತಿರ್ತೀನಿ, ನಡುವೇ ಬೆಂಕಿ ಬಂದ್. ಕರೀ ಕನ್ನಡಿ ತಗದು ನೋಡಿದ್ರ ಎಲ್ಲಾ ತಣ್ಣಗ. ಮಷೀನ ಮುಟ್ಟಿದ್ರ ರೊಟ್ಟಿ ಹಂಚಿನಂಗ ಸುಡ್ತದ. ಕರೆಂಟ್ ಅದ, ಫ್ಯೂಸ್ ಅದ, ಎಲ್ಲಾ ಅದ, ಬೆಂಕಿ ಒಂದಿಲ್ಲ. ಆಮ್ಯಾಲ ನಾ ಏನ್ ಮಾಡ್ಲಿ? ಅದರ ಮುಂದ ಕುಂದರ್ತೀನಿ, ಜಡ್ಡಿನ ಮನಷ್ಯಾನ ಮುಂದ ಕುಂತಂಗ. ಅದು ಆರಬೇಕು, ನಾ ಕಾಯಬೇಕು. ಗಿರಾಕಿ ಬಂದು ‘ಆಯ್ತೇನಪಾ’ ಅಂತ ಕೇಳ್ತಾನ. ಆರಲಕತ್ತದ ಅಂತೀನಿ. ಅಂವ ನನ್ನ ಮಾರಿ ನೋಡ್ತಾನ, ಮಷೀನಿನ ಮಾರಿ ನೋಡ್ತಾನ, ಹೋಗ್ತಾನ. ಈ ಅಮಾಸಿಗಿ ಗುರುಶಾಂತಪ್ಪ ಕಾಕಾ ಬರ್ತೀನಂತ ಹೇಳಿ ಕಳಿಸ್ಯಾರ. ಈ ತಿಂಗಳೂ ಮಕ್ಕೊಂತಂದ್ರ ಇನ್ನ ಅದಕ್ಕ ಪಾಳಿ ಬ್ಯಾಡ, ಅದು ದೌಲಪ್ಪನ ಕೈಗಿ ಒಗ್ಗಂಗಿಲ್ಲ, ಕಮಲಾಪುರದಾಗೇ ಇರ್ಲಿ ಅಂತ. ಮಷೀನ ಹೋದ್ರ ನನ್ನ ಅಂಗಡಿ ಅಂದ್ರ ಏನ್ ಉಳೀತು? ನಾಕು ತಗಡು, ಒಂದು ಗ್ವಾಡಿ. ಬಿಟ್ಟು ಹೋಗ್ಲಿಕ್ಕೂ ಬರಂಗಿಲ್ಲ ಚಿಗವ್ವ, ಇಟಗೊಂಡು ಬಾಳ್ಲಿಕ್ಕೂ ಬರಂಗಿಲ್ಲ.”

ದೌಲಪ್ಪ ನನ್ನ ಅಕ್ಕನ ಕಿರಿಯ ಮಗ. ಈ ಮಾತು ಅವನು ಹೇಳಿದ್ದು ಕಲಬುರ್ಗಿಯ ಅಂಚಿನ ಕಪನೂರಿನಲ್ಲಿ, ತನ್ನ ತಗಡಿನ ಶೆಡ್ಡಿನ ಬಾಗಿಲಲ್ಲಿ ಕೂತು, ತೊಂಬತ್ತೆರಡೋ ತೊಂಬತ್ಮೂರೋ ಇಸವಿಯ ಬೇಸಿಗೆಯಲ್ಲಿ. ಬಸ್ಸಿನ ಬೋರ್ಡಿನ ಮೇಲೆ ಊರಿನ ಹೆಸರು ಗುಲಬರ್ಗಾ ಎಂದಿತ್ತು, ನಮ್ಮ ಬಾಯಲ್ಲಿ ಆಗಲೂ ಕಲಬುರ್ಗಿಯೇ. ನಾನು ಆಗ ಅವನ ಮನೆಯಲ್ಲಿದ್ದೆ. ನಡುನಡುವೆ ಕಮಲಾಪುರಕ್ಕೆ ಹೋಗಿ ಅವನ ಅಣ್ಣ ನಾಗಣ್ಣನ ಮನೆಯಲ್ಲೂ ಇದ್ದು ಬರುತ್ತಿದ್ದೆ. ಹೀಗಾಗಿ ಎರಡೂ ಕಡೆಯ ಮಾತು ನನ್ನ ಕಿವಿಗೆ ಬಿದ್ದಿದೆ.

ಆ ಮಷೀನನ್ನು ತಂದವನು ನನ್ನ ಭಾವ, ಅಂದರೆ ಈ ಹುಡುಗರ ಅಪ್ಪ. ಕಮಲಾಪುರದ ಹತ್ತಿರ ಹಳ್ಳಕ್ಕೆ ಸೇತುವೆ ಕಟ್ಟುವವರು ಬಂದು ಬಿಡಾರ ಹೂಡಿದ್ದರು. ಕೆಲಸ ಮುಗಿದು ಬಿಡಾರ ಎತ್ತುವಾಗ ಹಳೆಯ ವೆಲ್ಡಿಂಗ್ ಮಷೀನನ್ನು ಮಾರಿಹೋದರು. ಆಗಲೇ ಅದರ ಹಸಿರು ಬಣ್ಣ ಸುಲಿದಿತ್ತು. ಸೊಂಟದೆತ್ತರದ ದೊಡ್ಡ ಕಬ್ಬಿಣದ ಪೆಟ್ಟಿಗೆ, ಕೆಳಗೆ ಗಾಲಿ. ಮುಂದಿನ ಮೈಗೆ ಗಾಳಿಯಾಡಲು ಉದ್ದುದ್ದ ಸೀಳುಗಳು, ಹಿಂದೆ ಜಾಳಿಗೆ, ಜಾಳಿಗೆಯ ಒಳಗೆ ಒಂದು ಫ್ಯಾನು. ಹೊಲಕ್ಕಿಂತ ಭಾವನಿಗೆ ಅದರ ಮೇಲೆಯೇ ಜೀವ. ರಂಟೆ, ಕುಂಟೆ, ಬಂಡಿಯ ಅಚ್ಚು ಎಲ್ಲವನ್ನೂ ಅದರಲ್ಲಿ ಬೆಸೆದು ಕೊಡುತ್ತಿದ್ದ. ಇಬ್ಬರು ಮಕ್ಕಳೂ ಅಪ್ಪನ ಪಕ್ಕದಲ್ಲಿ ಕೂತೇ ಕೆಲಸ ಕಲಿತರು. ನಾಗಣ್ಣ ಮಾತಿನವನು, ನಗಿಸುತ್ತ ಕೆಲಸ ಮಾಡುವವನು. ದೌಲಪ್ಪ ಮೊದಲಿಂದ ಸುಮ್ಮನಿರುವವನು. ಚಿಕ್ಕಂದಿನಲ್ಲಿ ಊಟಕ್ಕೆ ಕರೆದರೂ ಹೂಂ ಅನ್ನದೆ ಬಂದು ಕೂತುಬಿಡುತ್ತಿದ್ದ. ಬಂದನೋ ಇಲ್ಲವೋ ಎಂದು ಅಕ್ಕ ತಿರುಗಿ ನೋಡಬೇಕಾಗುತ್ತಿತ್ತು.

ಭಾವ ಹೋದ ಮೇಲೆ ಪಾಲಾಯಿತು. ಹೊಲ ಅರ್ಧರ್ಧ. ಮನೆ ಹಿರಿಯನಿಗೆ, ಅದಕ್ಕೆ ಬದಲಾಗಿ ಬಾವಿಯ ಕಡೆಯ ಪಟ್ಟಿ ಕಿರಿಯನಿಗೆ. ಮಷೀನಿನ ಮಾತು ಬಂದಾಗ ತೊಡಕಾಯಿತು. ಅದನ್ನು ಕೊಯ್ಯಲಾದೀತೇ? ಭಾವನ ತಮ್ಮ ಗುರುಶಾಂತಪ್ಪ ಹಿರೀಕ, ಅವನ ಮಾತು ಅಂದರೆ ಆಯಿತು. ಅವನೇ ಹೇಳಿದ:

“ಬಾವಿ ಕೊಯ್ದು ಪಾಲ ಮಾಡ್ತೀವೇನು? ನೀರಿಗಿ ಪಾಳಿ ಹಚ್ತೀವಿ. ಇದಕ್ಕೂ ಹಂಗೇ ಹಚ್ರಿ. ಒಂದು ಅಮಾಸಿಯಿಂದ ಇನ್ನೊಂದು ಅಮಾಸಿ ತನಾ ಒಬ್ಬಂದು.”

ನೀರಿನ ಪಾಳಿ ನಮ್ಮ ಕಡೆ ಹೊಸದಲ್ಲ. ಒಂದೇ ಬಾವಿಯಲ್ಲಿ ಮೂರು ಮನೆಯವರು ಪಾಳಿ ಹಚ್ಚಿಕೊಂಡು ತಲೆಮಾರು ಕಳೆದದ್ದುಂಟು. ಯಾರೂ ಬೇಡ ಅನ್ನಲಿಲ್ಲ. ಆದರೆ ಒಂದೇ ಊರಲ್ಲಿ ಒಂದೇ ಮಷೀನಿಗೆ ಎರಡು ಅಂಗಡಿ ನಡೆಯುವುದಿಲ್ಲ. ದೌಲಪ್ಪ ಹೆಂಡತಿ ಶಂಕ್ರಮ್ಮನನ್ನು ಕರೆದುಕೊಂಡು ಕಲಬುರ್ಗಿಗೆ ಬಂದು, ಕಪನೂರಿನಲ್ಲಿ ಒಂದು ಬೇಳೆ ಗಿರಣಿಯ ಎದುರು ಶೆಡ್ಡು ಹಿಡಿದ, ವಾಸ ಅದರ ಹಿಂದಿನ ಕೋಣೆಯಲ್ಲಿ. ಅಮಾವಾಸ್ಯೆಗೊಮ್ಮೆ ಟೆಂಪೊದಲ್ಲಿ ಮಷೀನು ಬರುವುದು, ಇನ್ನೊಂದು ಅಮಾವಾಸ್ಯೆಗೆ ಹೋಗುವುದು. ಅದು ಇಲ್ಲದ ತಿಂಗಳು ಅವನು ಬೇರೆಯವರ ಶೆಡ್ಡಿನಲ್ಲಿ ಕೂಲಿಗೆ ಹೋಗುತ್ತಿದ್ದ. ಸೊಸೆ ತವರಿಗೆ ಹೋದ ಮನೆಯ ಹಾಗೆ ಶೆಡ್ಡು ಬಿಕೋ ಅನ್ನುತ್ತಿತ್ತು.

ಕಪನೂರಿಗೆ ಬಂದ ಮೊದಲ ಪಾಳಿಯಲ್ಲೇ ಅದು ಮಲಗಿತು. ಚಳಿಗಾಲವಾದ್ದರಿಂದ ದಿನಕ್ಕೊಮ್ಮೆ ಮಲಗಿ ಏಳುತ್ತಿತ್ತು. ಹಳೆಯ ಮಷೀನು, ಜಾಗ ಬದಲಾಗಿದೆ, ಇರಲಿ ಎಂದುಕೊಂಡರು. ಬಿಸಿಲು ಏರಿದ ಹಾಗೆ ಮಲಗುವುದೂ ಏರಿತು. ಒಳಗೆ ಒಂದು ಸಣ್ಣ ಸ್ವಿಚ್ಚು ಇದೆಯಂತೆ, ಕಾವು ಹದ್ದು ಮೀರಿದರೆ ತಾನೇ ಕರೆಂಟು ಕಡಿಯುತ್ತದಂತೆ, ಆರಿದ ಮೇಲೆ ತಾನೇ ಕೂಡಿಸುತ್ತದಂತೆ. ಕಾವು ಯಾಕೆ ಏರುತ್ತದೆ ಅನ್ನುವುದೇ ತಿಳಿಯದು.

ದೌಲಪ್ಪ ಒಂದೊಂದಾಗಿ ನೋಡುತ್ತ ಹೋದ. ಕೇಬಲ್ಲಿನ ಗಂಟು ಸಡಿಲವಾದರೆ ಅಲ್ಲಿಯೇ ಕಾಯುತ್ತದೆ ಎಂದು ಎಲ್ಲ ಬಿಚ್ಚಿ, ಉಪ್ಪುಕಾಗದ ತಿಕ್ಕಿ, ಮತ್ತೆ ಬಿಗಿದ. ಮಲಗಿತು. ಮಧ್ಯಾಹ್ನ ಕರೆಂಟು ಸಣ್ಣಗಾಗುತ್ತದೆ ಎಂದು ನಸುಕಿನಲ್ಲೇ ಎದ್ದು ಹೋಗಿ ಕೆಲಸ ಹಿಡಿದ. ತಂಪಿನ ಹೊತ್ತಿನಲ್ಲಿ ಸ್ವಲ್ಪ ಹೆಚ್ಚು ನಡೆಯಿತು, ಬಿಸಿಲು ಬಂದೊಡನೆ ಮಲಗಿತು. ತಗಡಿನ ಮೇಲೆ ಜೋಳದ ಕಣಿಕೆ ಹೊದಿಸಿದ. ಪೆಟ್ಟಿಗೆಯ ಮೇಲೆ ಒದ್ದೆ ಗೋಣಿ ಹಾಸಿದ. ಗೋಣಿ ಒಣಗಿತು, ಮಷೀನು ಮಲಗಿತು.

ಒಮ್ಮೆ ಪೆಟ್ಟಿಗೆಯ ಮುಚ್ಚಳ ಬಿಚ್ಚಿದವನು, “ಚಿಗವ್ವ, ಬಾ ಇಲ್ಲಿ, ಕಂಬಳಿ ನೋಡು” ಎಂದು ನನ್ನನ್ನು ಕರೆದ. ಒಳಗಿನ ತಾಮ್ರದ ಸುರುಳಿಗಳ ಮೇಲೆಲ್ಲ ಕಂದು ಬಣ್ಣದ ದಪ್ಪ ಪದರ. ಎದುರಿನ ಗಿರಣಿಯ ತೊಗರಿ ಹೊಟ್ಟು. ಬೇಳೆ ಒಡೆಯುವ ಮೊದಲು ತೊಗರಿಗೆ ಎಣ್ಣೆ ಕೈ ಆಡಿಸುತ್ತಾರಲ್ಲ, ಆ ಜಿಡ್ಡಿನ ಹೊಟ್ಟು ಹಾರಿ ಬಂದು ಕೂತರೆ ಏಳುವುದೇ ಇಲ್ಲ. ಅವನೂ ನಾನೂ ಒಂದು ದಿನವೆಲ್ಲ ಕೂತು ಬ್ರಷ್ಷು, ಹಳೆ ಬಟ್ಟೆ ಹಿಡಿದು ಅದನ್ನು ಕೆರೆದು ತೆಗೆದೆವು. ರೋಗ ಸಿಕ್ಕಿತು ಎಂದು ಅವನಿಗೆ ಎಷ್ಟು ಖುಷಿ. ಸಂಜೆ ಶಂಕ್ರಮ್ಮ ಹೋಳಿಗೆ ಮಾಡಿದಳು. ಒಂದು ವಾರ ಪರವಾಗಿಲ್ಲ ಅನ್ನುವ ಹಾಗೆ ನಡೆಯಿತು. ಆಮೇಲೆ ಮತ್ತೆ ಅದೇ ಹಾಡು. ಬಿಚ್ಚಿ ನೋಡಿದರೆ ಮತ್ತೆ ಕಂಬಳಿ.

“ಅಣ್ಣನ ಬಲ್ಲಿ ಹೊಟ್ಟು ಇಲ್ಲ, ಖರೆ. ಧೂಳಂತೂ ಅದಲ್ಲಾ? ಆ ಧೂಳು ಯಾಕ ಒಳಗ ಹೋಗಂಗಿಲ್ಲ?” ಎಂದು ತನಗೆ ತಾನೇ ಕೇಳಿಕೊಂಡ.

ಕೋಟೆಯ ಹತ್ತಿರ ಮೋಟರಿಗೆ ತಂತಿ ಸುತ್ತುವ ಶಬ್ಬೀರ್ ಇದ್ದ. ದೌಲಪ್ಪ ಮಷೀನನ್ನು ಕೈಗಾಡಿಯ ಮೇಲೆ ಹಾಕಿಕೊಂಡು ಅವನ ಅಂಗಡಿಗೆ ಒಯ್ದ. ಶಬ್ಬೀರ್ ಅದಕ್ಕೆ ತನ್ನ ಅಂಗಡಿಯ ಕರೆಂಟು ಕೊಟ್ಟು, ಒಂದು ಹಳೆಯ ಕಂಬಿಯ ತುಂಡಿನ ಮೇಲೆ ಕಡ್ಡಿಯ ಮೇಲೆ ಕಡ್ಡಿ ಸುಟ್ಟ. ಚಹಾ ಕುಡಿದು ಬಂದು ಮತ್ತೆ ಸುಟ್ಟ. ಮಷೀನು ಮಲಗಲಿಲ್ಲ.

“ಅರೇ ಭಾಯ್, ಇದಕ್ಕೇನ್ ಧಾಡಿ ಆಗ್ಯಾದ? ಫಸ್ಟ್ ಕ್ಲಾಸ್ ಅದ. ವೈಂಡಿಂಗ್ ಬರೋಬ್ಬರಿ, ಫ್ಯಾನ್ ತಿರಗ್ಲಕತ್ತದ. ನಿನ್ನ ಮನ್ಯಾಗೇ ಏನೋ ಗಡಬಡ್ ಅದ ನೋಡು” ಅಂದ.

ಅವನು ಹಗುರವಾಗಿ ಅಂದ ಮಾತು. ಅದು ದೌಲಪ್ಪನ ಎದೆಗೆ ಹೋಗಿ ನಾಟಿತು. ಕಮಲಾಪುರದಲ್ಲಿ ನಡೆಯುತ್ತದೆ, ಕೋಟೆಯ ಹತ್ತಿರ ನಡೆಯುತ್ತದೆ, ತನ್ನಲ್ಲಿ ಮಾತ್ರ ಇಲ್ಲ. ಕೈಗಾಡಿ ತಳ್ಳಿಕೊಂಡು ವಾಪಸು ಬಂದು ಚಾಲೂ ಮಾಡಿದ. ಊಟದ ಹೊತ್ತಿಗೆ ಮಲಗಿತು.

ಕೈಗುಣ ಅನ್ನುವ ಮಾತು ಹುಟ್ಟಿದ್ದು ಕಮಲಾಪುರದಲ್ಲಿ. ಹುಟ್ಟಿಸಿದವನು ನಾಗಣ್ಣನೇ, ನಗೆಗೆ. “ನಮ್ಮ ದೌಲ್ಯಾನ ಮಾರಿ ನೋಡಿದ್ರ ಮಷೀನಿಗಿ ನಿದ್ದಿ ಬರ್ತದರೀ, ಏನ್ ಮಾಡೋದು” ಎಂದು ಕಟ್ಟೆಯ ಮೇಲೆ ಅಂದದ್ದು ಮನೆಮನೆಗೆ ಹೋಯಿತು. ಹೋಗಿ ಬರುವಷ್ಟರಲ್ಲಿ ಅದರಲ್ಲಿದ್ದ ನಗೆ ಉದುರಿಹೋಗಿತ್ತು. ದೌಲಪ್ಪನ ಕೈಗುಣ ಛಲೋ ಇಲ್ಲ, ನಾಗಣ್ಣನದು ಬಂಗಾರದಂಥ ಕೈ. ಹೊಸ ಬಂಡಿ ಮಾಡಿಸಿದವರು, ಹೊಸ ಬಾಗಿಲು ಕೂಡಿಸುವವರು ಮೊದಲ ಟಾಕಾ ನಾಗಣ್ಣನಿಂದಲೇ ಹಾಕಿಸಬೇಕು ಅನ್ನತೊಡಗಿದರು. ಮೊದಲ ಟಾಕಾ ಅಂದರೆ ಬೆಸೆಯುವ ಮೊದಲು ಒಂದು ಚುಕ್ಕೆ ಹಚ್ಚುವುದು. ಅದಕ್ಕೆ ತೆಂಗಿನಕಾಯಿ, ಕೆಂಪು ಬಾಳೆಯ ಗೊನೆಯಿಂದ ಒಂದು ಚಿಪ್ಪು, ನಾಗಣ್ಣನ ತಲೆಗೆ ರುಮಾಲು. ನಾಗಣ್ಣನಿಗೆ ಅದು ಹಿಡಿಸಿತು. ಯಾರಿಗೆ ಹಿಡಿಸುವುದಿಲ್ಲ?

ಇದಕ್ಕೆ ದೀಪದ ಸಾಕ್ಷಿ ಬೇರೆ ಸೇರಿಕೊಂಡಿತು. ಪಾಳಿ ಮುಗಿದು ಮಷೀನು ಹೊರಡುವ ದಿನ ಅದಕ್ಕೆ ಪೂಜೆ ಮಾಡಿ ಕಳಿಸುವುದು ಭಾವನ ಕಾಲದಿಂದ ಬಂದ ಪದ್ಧತಿ ಅಲ್ಲ, ಪಾಳಿ ಹಚ್ಚಿದ ಮೇಲೆ ಹೆಂಗಸರು ಮಾಡಿಕೊಂಡದ್ದು. ವಿಭೂತಿ, ಕುಂಕುಮ ಹಚ್ಚಿ, ಮಷೀನು ಚಾಲೂ ಮಾಡಿ, ಮನೆಯಾಕೆ ಮುಂದೆ ನಿಂತು ಆರತಿ ಬೆಳಗಬೇಕು. ಕಮಲಾಪುರದಲ್ಲಿ ನಾಗಣ್ಣನ ಹೆಂಡತಿ ಭಾಗಮ್ಮ ಆರತಿ ಎತ್ತಿದೊಡನೆ ದೀಪ ಫಕ್ಕನೆ ಆರುತ್ತಿತ್ತು. “ತಗೊಂತು, ತಗೊಂತು” ಅನ್ನುತ್ತಿದ್ದರು ಎಲ್ಲರೂ. ಮಷೀನು ದೀಪ ಒಪ್ಪಿಸಿಕೊಂಡಿತು ಎಂದರ್ಥ. ಕಪನೂರಿನಲ್ಲಿ ಶಂಕ್ರಮ್ಮ ಬೆಳಗುವ ದೀಪ ಎಷ್ಟು ಹೊತ್ತು ಹಿಡಿದರೂ ಉರಿಯುತ್ತಲೇ ಇರುತ್ತಿತ್ತು. ಬೇರೆ ಯಾವ ದೇವರ ಮುಂದಾದರೂ ಉರಿಯುವ ದೀಪ ನೋಡಿ ಹೆಣ್ಣುಮಗಳು ಅತ್ತದ್ದು ಕೇಳಿದ್ದೀರಾ? ಶಂಕ್ರಮ್ಮ ಅತ್ತಳು.

“ನನ್ನ ದೀಪ ಅದು ತಗೊಳವಲ್ದು ಚಿಗವ್ವ” ಅಂದಳು.

“ಎಣ್ಣಿ ಛಲೋ ಹಾಕಿದೀ, ಅದಕ್ಕ ಆರಿಲ್ಲ ಬಿಡು” ಅಂದೆ.

ದೌಲಪ್ಪ ಮೊದಮೊದಲು ಈ ಮಾತಿಗೆಲ್ಲ ನಗುತ್ತಿದ್ದ. ಆಮೇಲೆ ನಗುವುದು ನಿಂತಿತು. ಕೂತಲ್ಲಿ ತನ್ನ ಅಂಗೈ ಬಿಚ್ಚಿ ನೋಡಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಕೆಲಸ ಶುರುಮಾಡುವ ಮುಂಚೆ ಕೈ ತೊಳೆಯುವನು, ಒರೆಸುವನು, ಮತ್ತೆ ತೊಳೆಯುವನು. ಒಂದು ದಿನ ಶಂಕ್ರಮ್ಮನನ್ನು ಶೆಡ್ಡಿಗೆ ಕರೆದು ಸ್ವಿಚ್ಚು ನೀನು ಹಾಕು ಅಂದ. ಅವಳು ಹಾಕಿದಳು. ಮಧ್ಯಾಹ್ನ ಮಲಗಿತು.

“ಹ್ಯಾಂಗೂ ಆತು, ಈಗ ನನ್ನ ಕೈಗುಣಾನೂ ಹೋತು” ಅಂದಳು ಅವಳು. ಇಬ್ಬರೂ ಸ್ವಲ್ಪ ನಕ್ಕರು.

ಊರು ಬಿಟ್ಟು ಬೇರೆ ಕೆಲಸ ನೋಡಬಾರದೇ ಎಂದು ನಾನೇ ಒಮ್ಮೆ ಕೇಳಿದೆ. “ಪಾಳಿ ಹಚ್ಚಿದ ಮಾಲು ಚಿಗವ್ವ. ನಾ ಬಿಟ್ಟು ಹೋದ್ರ ಕೈಗುಣ ಖರೆ ಅಂತ ನಾನೇ ಒಪ್ಪಿದಂಗ ಆಗ್ತದ. ಮುಂದ ನನ್ನ ಕೈಗಿ ಯಾರು ಕೆಲಸಾ ಕೊಡ್ತಾರ?” ಅಂದ. ಅದೂ ನಿಜವೇ. ಕೈಯಿಂದ ಬದುಕುವವನಿಗೆ ಕೈಯದೇ ಹೆಸರು ಕೆಟ್ಟರೆ ಎಲ್ಲಿಗೆ ಹೋದರೂ ಆ ಕೈ ಜೊತೆಗೇ ಬರುತ್ತದೆ.

ಆ ಬೇಸಿಗೆಯ ಪಾಳಿ ಬಂತು. ಗುರುಶಾಂತಪ್ಪ ಹೇಳಿ ಕಳಿಸಿದ್ದ ಆ ಕೊನೆಯ ತಿಂಗಳು. ಎದುರಿನ ಗಿರಣಿಯವರು ತಮ್ಮ ದೊಡ್ಡ ಕಬ್ಬಿಣದ ಬಾಗಿಲನ್ನು ದೌಲಪ್ಪನಿಗೆ ಕೊಟ್ಟಿದ್ದರು. ಕಣ್ಣೆದುರಿನ ಶೆಡ್ಡು, ಪಾಪ ಎಂದು ಕೊಟ್ಟದ್ದು. ಬಿಸಿಲು ಅಂದರೆ ಅಂಥ ಬಿಸಿಲು. ಮಷೀನು ಬೆಳಿಗ್ಗೆಯೇ ಮಲಗತೊಡಗಿತು. ಬೆಸುಗೆಯ ಗೆರೆ ನಡುನಡುವೆ ನಿಂತರೆ ಅಲ್ಲಲ್ಲಿ ಗಂಟು ಬೀಳುತ್ತದೆ, ಆ ಗಂಟೇ ಮುಂದೆ ಬಿರಿಯುತ್ತದೆ. ಅವನು ಅದನ್ನು ಕೆರೆದು ಮತ್ತೆ ಹಚ್ಚುವನು, ಮತ್ತೆ ನಿಲ್ಲುವುದು. ಕಾದು ಕಾದು ಗಿರಣಿಯ ಮ್ಯಾನೇಜರ್ ಅರ್ಧ ಆದ ಬಾಗಿಲನ್ನು ಹಮಾಲರಿಂದ ಎತ್ತಿಸಿಕೊಂಡು ಬೇರೆ ಕಡೆ ಕಳಿಸಿದ. “ಸಿಟ್ಟಾಗಬ್ಯಾಡ ದೌಲಪ್ಪ, ನಮಗೂ ಬಾಗಲಾ ಬೇಕಲ್ಲಾ” ಅಂದ. ಒಳ್ಳೆಯ ಮನುಷ್ಯ. ಬೈದಿದ್ದರೆ ಚೆನ್ನಾಗಿತ್ತೇನೋ.

ಅಮಾವಾಸ್ಯೆ ಹತ್ತಿರ ಬಂದಾಗ ಶಬ್ಬೀರ್ ಆ ಕಡೆ ಬಂದಿದ್ದವನು ಶೆಡ್ಡಿಗೆ ಬಂದ. ದೌಲಪ್ಪನ ಮುಖ ನೋಡಿ ಅವನಿಗೂ ಕೆಡುಕೆನಿಸಿತು.

“ಒಂದ್ ಕೆಲಸಾ ಮಾಡ್ತೀನಿ. ಆ ಕಾವಿನ ಸ್ವಿಚ್ಚಿಗಿ ಒಂದು ತಂತಿ ಕೊಟ್ಟು ಡೈರೆಕ್ಟ್ ಮಾಡ್ತೀನಿ. ಆಮ್ಯಾಲ ಅದು ಮಕ್ಕೋ ಅಂದ್ರೂ ಮಕ್ಕೊಳಂಗಿಲ್ಲ. ಆದ್ರ ಒಳಗ ಸುಟ್ರ ನನ್ನ ಮ್ಯಾಲ ಹಾಕಬ್ಯಾಡ, ದೇಖೋ.”

“ಹಿರ್ಯಾರು ಬರೋ ತನಾ ನಡೀತದೇನು?”

“ನಡೀತದ. ಅದರ ಮುಂದಿಂದು ಅಲ್ಲಾನೇ ಬಲ್ಲ.”

ದೌಲಪ್ಪ ತಂತಿ ಕಡಿಯುವ ಪಕ್ಕಡು ತೆಗೆದುಕೊಂಡು ಬಂದು ಅವನ ಮುಂದೆ ಇಟ್ಟ. ಶಬ್ಬೀರ್ ಮುಚ್ಚಳ ಬಿಚ್ಚಿ ತಂತಿಯನ್ನೂ ಸುಲಿದ. ಆಗ ದೌಲಪ್ಪ ಅವನ ಕೈ ಹಿಡಿದ. “ಬ್ಯಾಡ ಶಬ್ಬೀರ್ ಭಾಯ್. ಇದರಾಗ ಅರ್ಧ ಅಣ್ಣಂದು ಅದ. ಅವನ ಅರ್ಧಾ ಸುಡ್ಲಿಕ್ಕೆ ನಾ ಯಾರು?” ಅಂದ. ಶಬ್ಬೀರ್ ತಂತಿಯನ್ನು ಜೇಬಿಗೆ ಹಾಕಿಕೊಂಡು, “ನೀನೂ ಭಾರೀ ಮನಷ್ಯಾ ಇದ್ದೀ” ಎಂದು ಎದ್ದುಹೋದ. ಹೊಗಳಿದನೋ ಬೈದನೋ, ನನಗೆ ತಿಳಿಯಲಿಲ್ಲ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಟೆಂಪೊ ಬಂತು. ಗುರುಶಾಂತಪ್ಪ ಮುಂದೆ ಕೂತಿದ್ದ, ನಾಗಣ್ಣ, ಭಾಗಮ್ಮ ಹಿಂದೆ. ಭಾಗಮ್ಮ ಕಪನೂರಿಗೆ ಬಂದದ್ದು ಅದೇ ಮೊದಲು. ಮಷೀನನ್ನು ಕಾಯಂ ಆಗಿ ಮನೆ ತುಂಬಿಸಿಕೊಳ್ಳುವುದು ಅಲ್ಲವೇ, ಹೆಣ್ಣುಮಗಳು ಬೇಕೆಂದು ಕರೆತಂದಿದ್ದರು. ಶಂಕ್ರಮ್ಮ ಎಲ್ಲರಿಗೂ ನೀರು ಕೊಟ್ಟಳು, ಚುರುಮುರಿಯ ಸುಸಲಾ ಮಾಡಿ ಕೊಟ್ಟಳು. ತಿಂದು ಮುಗಿಸುವ ತನಕ ಯಾರೂ ಮಷೀನಿನ ಮಾತು ತೆಗೆಯಲಿಲ್ಲ. ಗುರುಶಾಂತಪ್ಪ ಕೈ ತೊಳೆದು ಕೇಳಿದ:

“ಹೂಂ, ಈ ತಿಂಗಳ ಹ್ಯಾಂಗಪಾ?”

ಸುಳ್ಳು ಹೇಳಿದ್ದರೆ ನಡೆಯುತ್ತಿತ್ತು. ನೋಡಿದವರು ಯಾರು? ದೌಲಪ್ಪ ಸುಳ್ಳು ಹೇಳಲಿಲ್ಲ. “ಇಲ್ರಿ ಕಾಕಾ. ನಿನ್ನೆನೂ ಮಕ್ಕೊಂಡದ” ಅಂದ.

“ಮತ್ತ ಆಡಿದ ಮಾತ ಗೊತ್ತದಲ್ಲಾ. ನನಗೇನ್ ಖುಷಿ ಇಲ್ಲ. ಒಗ್ಗಲಾರದ ಎತ್ತು ಕೊಟ್ಟಿಗ್ಯಾಗ ಕಟ್ಟಿ ಏನ್ ಮಾಡ್ತೀ? ಅದಕ್ಕೂ ತ್ರಾಸ, ನಿನಗೂ ತ್ರಾಸ.”

ದೌಲಪ್ಪ ತಲೆ ಆಡಿಸಿದ. ನಾಗಣ್ಣ ಗೋಡೆಯ ಕಡೆ ನೋಡುತ್ತ ನಿಂತಿದ್ದ. ನಗೆಗೆ ಆಡಿದ ಮಾತು ಇಲ್ಲಿಗೆ ಬಂದು ನಿಲ್ಲುತ್ತದೆ ಎಂದು ಅವನೂ ಎಣಿಸಿರಲಿಕ್ಕಿಲ್ಲ.

ಪೂಜೆ ಆಗಬೇಕು. ಶಂಕ್ರಮ್ಮ ಆರತಿ ತಟ್ಟೆಯನ್ನು ಭಾಗಮ್ಮನ ಕೈಗೆ ಕೊಟ್ಟಳು. “ನೀನೇ ಮಾಡು ಯಕ್ಕಾ. ಅದು ನಿನ್ನ ದೀಪಾನೇ ತಗೋತದ” ಅಂದಳು. ಅವಳ ದನಿಯಲ್ಲಿ ಸಿಟ್ಟಿತ್ತು. ಇರಬೇಕಾದದ್ದೇ.

ದೌಲಪ್ಪ ಸ್ವಿಚ್ಚು ಹಾಕಿದ. ಮಷೀನು ಹೂಂ ಅಂತು. ಭಾಗಮ್ಮ ಮುಂದೆ ನಿಂತು ದೀಪ ಬೆಳಗಿದಳು. ಒಂದು ಸುತ್ತು, ಎರಡು ಸುತ್ತು. ದೀಪ ಆರಲಿಲ್ಲ. ಅವಳು ಗಂಡನ ಮುಖ ನೋಡಿದಳು. ಇನ್ನಷ್ಟು ಹತ್ತಿರ ಹೋಗಿ ಬಗ್ಗಿ ಬೆಳಗಿದಳು. ದೀಪ ಒಳಗಡೆಗೆ ವಾಲಿತು, ಆರಲಿಲ್ಲ. ಅಷ್ಟರಲ್ಲಿ “ಅಯ್ಯಯ್ಯ!” ಎಂದು ಕೂಗಿದಳು. ಅವಳ ಸೆರಗಿನ ಅಂಚು ಹೋಗಿ ಮಷೀನಿನ ಮುಂದಿನ ಸೀಳುಗಳಿಗೆ ಅಂಟಿಕೊಂಡಿತ್ತು.

“ಸೆರಗು ಜಗ್ಗಲಕತ್ತದಲ್ಲೋ ಇದು!”

ನಾಗಣ್ಣನಿಗೆ ಅಂಥ ಹೊತ್ತಿನಲ್ಲೂ ಬಾಯಿ ಸುಮ್ಮನಿರಲಿಲ್ಲ. “ದೌಲ್ಯಾ, ಮಕ್ಕೋತದ ಅಂತಿದ್ದಿ, ಇದು ನನ್ನ ಹೆಣ್ತಿ ಸೆರಗಿಗೇ ಕೈ ಹಾಕ್ತದಲ್ಲಲೇ” ಅಂದ.

ಯಾರೋ ನಕ್ಕರು. ಭಾಗಮ್ಮ ಸೆರಗು ಬಿಡಿಸಿಕೊಳ್ಳಲು ಹೋದಳು.

“ವೈನಿ, ಬ್ಯಾಡ್ರಿ. ಜರಾ ಹಂಗೇ ನಿಂದರ್ರಿ” ಅಂದ ದೌಲಪ್ಪ.

ಅವನು ಬಂದು ಸೀಳುಗಳ ಮೇಲೆ ಅಂಗೈ ಇಟ್ಟ. ಬಾಗಿಲ ಹತ್ತಿರ ಬಿದ್ದಿದ್ದ ತೊಗರಿ ಹೊಟ್ಟನ್ನು ಚಿಟಿಕೆಯಷ್ಟು ತಂದು ಮುಂದೆ ಬಿಟ್ಟ. ಹೊಟ್ಟು ಕೆಳಗೆ ಬೀಳಲಿಲ್ಲ, ಸುಯ್ಯನೆ ಒಳಗೆ ಹೋಯಿತು. ಅವನು ತಿರುಗಿ ಅಣ್ಣನನ್ನು ಕೇಳಿದ:

“ಅಣ್ಣಾ, ನಿನ್ನ ಬಲ್ಲಿ ಇದರ ಗಾಳಿ ಎಲ್ಲಿಂದ ಬರ್ತದ?”

“ಮುಂದಿಂದ ಬರ್ತದ. ನಿಂತ್ರ ಮಾರಿಗಿ ಬಡೀತದ. ದೀಪ ಅದಕ್ಕೇ...” ನಾಗಣ್ಣ ಅಲ್ಲಿಗೇ ನಿಲ್ಲಿಸಿದ.

ಗುರುಶಾಂತಪ್ಪನಿಗೆ ತಿಳಿಯಲಿಲ್ಲ, “ಏನಪಾ ಅದು, ಬಿಡಿಸಿ ಹೇಳ್ರಿ” ಅಂದ.

“ಕಾಕಾ, ನಿಮ್ಮ ಹೊಲದಾಗ ಪಂಪು ಚಾಲೂ ಮಾಡಿದಾಗ ನೀರು ಸಣ್ಣಗ ಬಂದ್ರ ಏನ್ ಮಾಡ್ತೀರಿ?”

“ಉಲ್ಟಾ ತಿರಗ್ಲಕತ್ತದ ಅಂತ ಎರಡು ತಂತಿ ಬದಲ ಮಾಡ್ತೀವಿ.”

“ಇದರ ಫ್ಯಾನ್ ನನ್ನ ಬಲ್ಲಿ ಉಲ್ಟಾ ತಿರಗ್ಲಕತ್ತದ್ರಿ.”

ನನಗೆ ಆಮೇಲೆ ದೌಲಪ್ಪ ತಿಳಿಯುವ ಹಾಗೆ ಹೇಳಿದ. ಮಷೀನಿಗೆ ಬರುವುದು ಮೂರು ತಂತಿಯ ಕರೆಂಟು. ಅದರಲ್ಲಿ ಯಾವುದಾದರೂ ಎರಡು ಅದಲುಬದಲಾದರೆ ಫ್ಯಾನು ಹಿಂದುಮುಂದಾಗಿ ತಿರುಗುತ್ತದೆ. ಬೆಸುಗೆಯ ಬೆಂಕಿಗೆ ಏನೂ ಆಗುವುದಿಲ್ಲ, ಅದಕ್ಕೇ ಗೊತ್ತಾಗುವುದಿಲ್ಲ. ಫ್ಯಾನು ತಿರುಗುತ್ತಿರುತ್ತದೆ, ಸದ್ದೂ ಬರುತ್ತದೆ, ಗಾಳಿ ಮಾತ್ರ ಸಾಲದು. ಮೇಲೆ ಆ ಸಣ್ಣ ಗಾಳಿಯೂ ಬಾಗಿಲ ಕಡೆಯ ಹೊಟ್ಟನ್ನು ಒಳಗೆ ಎಳೆದು ತಾಮ್ರಕ್ಕೆ ಕಂಬಳಿ ಹೊದಿಸುತ್ತದೆ. ಶೆಡ್ಡಿನ ಗೋಡೆಗೆ ಲೈನು ಕೊಟ್ಟವರು ಕಮಲಾಪುರದಲ್ಲೂ ಶಬ್ಬೀರನ ಅಂಗಡಿಯಲ್ಲೂ ಇದ್ದುದಕ್ಕೆ ಉಲ್ಟಾ ಕೊಟ್ಟಿದ್ದರು. ಆ ಶೆಡ್ಡಿನಲ್ಲಿ ಮೂರು ತಂತಿಯಲ್ಲಿ ನಡೆಯುವುದು ಬೇರೆ ಏನೂ ಇರಲಿಲ್ಲ, ಹಾಗಾಗಿ ಅದು ಬೆಳಕಿಗೆ ಬರಲಿಲ್ಲ. ಫ್ಯಾನು ತಿರುಗುತ್ತದೆಯೇ ಎಂದು ಎಲ್ಲರೂ ನೋಡಿದರು, ಯಾವ ಕಡೆಗೆ ಎಂದು ಯಾರೂ ನೋಡಲಿಲ್ಲ. ಬಾವಿಯ ದಂಡೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತೇ, ಶೆಡ್ಡಿನೊಳಗೆ ಕೈಗುಣದ ಮಾತು ಅಡ್ಡ ನಿಂತು ಯಾರಿಗೂ ಕಾಣಲಿಲ್ಲ.

ದೌಲಪ್ಪ ಸ್ವಿಚ್ಚು ತೆಗೆದು, ಮಷೀನಿನ ಪ್ಲಗ್ಗು ಕೈಗೆ ತೆಗೆದುಕೊಂಡು ಅದರ ಸ್ಕ್ರೂ ಬಿಚ್ಚಲು ಕೂತ. ಅಲ್ಲೇ ಎರಡು ತಂತಿ ಬದಲಿಸಿದರೆ ಮುಗಿಯಿತು. ಸ್ಕ್ರೂ ಅರ್ಧ ಬಿಚ್ಚಿದವನು ಹಾಗೇ ಕೂತ. ಆಮೇಲೆ ಮತ್ತೆ ಅದನ್ನು ಬಿಗಿದು, ಎದ್ದು, ಗೋಡೆಯ ಮೇನ್ ಸ್ವಿಚ್ಚಿನ ಪೆಟ್ಟಿಗೆಗೆ ಹೋದ. ಅದು ಎತ್ತರದಲ್ಲಿತ್ತು, ತುಕ್ಕು ಹಿಡಿದಿತ್ತು. ಕಂಬದಿಂದ ಬರುವ ಲೈನನ್ನು ಫ್ಯೂಸ್ ತೆಗೆಸಿ ಬಂದ್ ಮಾಡಿಸಬೇಕಾಯಿತು, ಗಿರಣಿಯ ಇಲೆಕ್ಟ್ರಿಷಿಯನ್‌ನನ್ನು ಕರೆತಂದ. ಆ ಬಿಸಿಲ ಹೊತ್ತಿನಲ್ಲಿ ತಗಡಿನ ಕೆಳಗೆ ಸ್ಟೂಲು ಹತ್ತಿ ನಿಂತು, ಬೆವರು ಸುರಿಸುತ್ತ ಎರಡು ತಂತಿ ಅದಲುಬದಲು ಮಾಡತೊಡಗಿದ.

“ಪ್ಲಗ್ಗಿನಾಗೇ ಬದಲ ಮಾಡಿದ್ರ ಆಗ್ತಿತ್ತಲ್ಲೋ” ಅಂದ ಗುರುಶಾಂತಪ್ಪ.

“ಪ್ಲಗ್ಗು ಮಷೀನಿನ ಸಂಗಟ ಹೋಗ್ತದ್ರಿ ಕಾಕಾ. ಅಲ್ಲಿ ಅಣ್ಣನ ಬಲ್ಲಿ ಉಲ್ಟಾ ಆಗ್ತದ. ತಪ್ಪು ನನ್ನ ಗ್ವಾಡ್ಯಾಗ ಅದ.”

ನಾಗಣ್ಣನೂ ಅದೇ ಕಸುಬಿನವನು. ದೌಲಪ್ಪ ಪ್ಲಗ್ಗನ್ನು ಬಿಚ್ಚಿದ್ದನ್ನೂ, ಮತ್ತೆ ಬಿಗಿದದ್ದನ್ನೂ ಅವನು ನೋಡಿದ್ದ. ಪ್ಲಗ್ಗಿನಲ್ಲೇ ಬದಲಿಸಿ ಕಳಿಸಿದ್ದರೆ ಬರುವ ತಿಂಗಳು ಕಮಲಾಪುರದಲ್ಲಿ ಮಲಗುತ್ತಿತ್ತು, ಬಂಗಾರದ ಕೈಗೆ ತುಕ್ಕು ಹಿಡಿಯುತ್ತಿತ್ತು. ಅವನು ಎದ್ದು ಬಂದು ತಮ್ಮ ನಿಂತಿದ್ದ ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

ಕರೆಂಟು ಬಂತು. ಗುರುಶಾಂತಪ್ಪ ಅಂದ, “ಎತ್ತು ಕೊಳ್ಳಬೇಕಾದ್ರ ಗಳೇ ಹೂಡಿ ನೋಡ್ತೀವಿ. ಇದನ್ನೂ ಹೂಡು.” ದೌಲಪ್ಪ ಶೆಡ್ಡಿನಲ್ಲಿದ್ದ ಗುಜರಿಯನ್ನೆಲ್ಲ ಸಾಲಾಗಿ ಇಟ್ಟು ಬೆಸೆಯುತ್ತ ಹೋದ. ಟೆಂಪೊದವನು ಬಂದು ಗೊಣಗಿದ, ಹೋಗಿ ಟೆಂಪೊದ ನೆರಳಲ್ಲಿ ಮಲಗಿದ. ಊಟದ ಹೊತ್ತು ಬಂತು, ಮೀರಿತು. ಶಂಕ್ರಮ್ಮ ರೊಟ್ಟಿ ಬಡಿಯುವುದು ಬಿಟ್ಟು ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಮಷೀನು ಮಲಗಲಿಲ್ಲ. ಕಡ್ಡಿಗಳು ಮುಗಿದವು, ಮಷೀನು ಹೂಂ ಅನ್ನುತ್ತಲೇ ಇತ್ತು.

ಭಾಗಮ್ಮ ಯಾರೂ ಹೇಳದಿದ್ದರೂ ಮತ್ತೆ ದೀಪ ಹಚ್ಚಿಕೊಂಡು ಮುಂದೆ ಹಿಡಿದಳು. ಫಕ್ಕನೆ ಆರಿತು. “ತಗೊಂತು” ಅಂದಳು ರೂಢಿಯ ಮೇಲೆ. ಅಂದವಳು ತಾನೇ ನಾಲಿಗೆ ಕಚ್ಚಿಕೊಂಡಳು. ಶಂಕ್ರಮ್ಮ ನಕ್ಕಳು, ನಗುತ್ತಲೇ ಒಳಗೆ ಹೋದಳು.

“ಹಂಗಾದ್ರ ಕಾಕಾ,” ನಾಗಣ್ಣ ಮೆಲ್ಲಗೆ ಕೇಳಿದ, “ನನ್ನ ಕೈಗುಣ ಅಂದ್ರ ಬರೇ ಫ್ಯಾನೇನು?”

“ಫ್ಯಾನೋ ಗಾಳಿಯೋ, ಊರಾಗ ಯಾರ ಮುಂದನೂ ಬಾಯಿ ಬಿಡಬ್ಯಾಡ. ನಾಳಿ ಹೊಸ ಬಂಡಿಗಿ ಟಾಕಾ ಹಾಕ್ಲಿಕ್ಕೆ ನಿನಗ ಕರ್ದಾರ, ನಾನೇ ಹೂಂ ಅಂದೀನಿ.”

ನಾಗಣ್ಣ ತಮ್ಮನ ಕಡೆ ನೋಡಿದ. “ಈ ಮಾತು ಇಲ್ಲೇ ಇರ್ಲಿ ದೌಲಾ” ಅಂದ. ಆಜ್ಞೆಯ ದನಿ ಅಲ್ಲ, ಬೇಡುವ ದನಿ.

ಊರಲ್ಲಿ ಹೇಳಿದರೆ ತಾನೇ ದೌಲಪ್ಪನ ಕೈ ಶುದ್ಧವಾಗುವುದು? ಹೇಳಿದರೆ ಅಣ್ಣನ ಕೈ ಬರಿಯ ಕೈ ಆಗುತ್ತದೆ. ದೌಲಪ್ಪ ಪಕ್ಕಡನ್ನು ಅಂಗಿಗೆ ಒರೆಸಿದ. “ಇರ್ಲಿ ಬಿಡು” ಅಂದ.

ಗುರುಶಾಂತಪ್ಪ ಎದ್ದು ಧೋತರ ಝಾಡಿಸಿದ. “ನಾ ಆಡಿದ ಮಾತು ವಾಪಸ್ ತಗೊಂಡೀನಿ. ಕಾಯಂ ಒಯ್ಯೋದು ಬ್ಯಾಡ. ಪಾಳಿ ಮೊದಲಿನಂಗ ನಡೀಲಿ. ಇವತ್ತ ನಾಗಣ್ಣನ ಪಾಳಿ, ಏರ್ಸ್ರಿ.”

“ಕಾಕಾ,” ಅಂದ ದೌಲಪ್ಪ, “ಒಂದ್ ತಿಂಗಳ ಅಂಗಡಿ, ಒಂದ್ ತಿಂಗಳ ಕೂಲಿ. ಈ ಪಾಳಿ ಬಿಟ್ಟು ಬ್ಯಾರೆ ದಾರಿ ಇಲ್ಲೇನ್ರಿ?”

“ಈಗ ನೆಟ್ಟಗ ದುಡೀಲಕತ್ತದಲ್ಲೋ. ಕೆಟ್ಟಾಗ ಬಿಡಲಿಲ್ಲ, ಛಲೋ ಆದಾಗ ಯಾಕ ಬಿಡ್ತೀ?”

ಮಷೀನಿನ ಕಾವು ಇನ್ನೂ ಆರಿರಲಿಲ್ಲ. ಅಣ್ಣ ತಮ್ಮ ಇಬ್ಬರೂ ಗೋಣಿ ಹಿಡಿದು ಅದನ್ನು ಟೆಂಪೊಗೆ ಏರಿಸಿದರು, ಹಗ್ಗ ಬಿಗಿದರು. ಗಾಡಿ ಕಮಲಾಪುರದ ದಾರಿ ಹಿಡಿಯಿತು. ಭಾಗಮ್ಮ ಹಿಂದಿನಿಂದ ಕೈ ಮಾಡಿ ಶಂಕ್ರಮ್ಮನಿಗೆ ಏನೋ ಕೂಗಿದಳು, ಗಿರಣಿಯ ಸದ್ದಿನಲ್ಲಿ ಕೇಳಿಸಲಿಲ್ಲ.

ಮರುದಿನ ಮುಂಜಾನೆ ದೌಲಪ್ಪ ಕೂಲಿಗೆ ಹೋಗಬೇಕಿತ್ತು. ಹೊರಡುವ ಮೊದಲು ಓಣಿಯ ನಳಕ್ಕೆ ನೀರು ಬಂತು ಎಂದು ಶಂಕ್ರಮ್ಮ ಕೂಗಿದಳು. ಅವನು ಎರಡು ಕೊಡ ತೆಗೆದುಕೊಂಡು ಹೋಗಿ ಸಾಲಿನಲ್ಲಿ ನಿಂತ. ತನ್ನ ಸರದಿ ಬಂದಾಗ ಕೊಡದ ಬಾಯಿಗೆ ಹಳೆಯ ಧೋತರದ ತುಂಡು ಕಟ್ಟಿ, ನೀರು ಸೋಸಿ ತುಂಬಿಸಿಕೊಂಡ. ಒಂದನ್ನು ಹೆಗಲಿಗೆ, ಒಂದನ್ನು ಕೈಗೆ ತೆಗೆದುಕೊಂಡು ಬಂದು ಒಲೆಯ ಪಕ್ಕ ಇಳಿಸಿ, ಬಟ್ಟೆಯನ್ನು ಹಿಂಡಿ ಹಗ್ಗದ ಮೇಲೆ ಒಣಹಾಕಿ, ಅಂಗೈ ಬಿಚ್ಚಿ ನೋಡಿಕೊಳ್ಳದೆ ಕೂಲಿಗೆ ಹೊರಟ.